ಮಿಷನ್ ಮುಗಿಸಿ ಬಂದವನಿಗೆ ಮನೆಯವರು ಸೂಟ್‌ಕೇಸ್ ಕೊಟ್ಟರೆ ಬೇಸರವಾಗುತ್ತದೆಯೇ?

ಆಗುತ್ತದೆ. ನೀವು ಬರೆದಿರುವ ಪ್ರಕಾರ ನಿಮ್ಮ ಸಾಲ್ಟ್ ಲೇಕ್ ಸಿಟಿಯ ರೂಮ್‌ಮೇಟ್ ಬ್ರೆಜಿಲ್‌ನಲ್ಲಿ ಎರಡು ವರ್ಷ ಮಾರ್ಮನ್ ಕ್ರೈಸ್ತ ಸಭೆಯ ಮಿಷನ್, ಅಂದರೆ ಮನೆಮನೆಗೆ ಹೋಗಿ ಧರ್ಮ ಪ್ರಚಾರ ಮಾಡುವ ಸೇವೆ, ಮುಗಿಸಿ ಬಂದಿದ್ದಾನೆ. ಹೀಗೇ ಬಂದ ಅವನ ಚಿಕ್ಕಪ್ಪನ ಮಗನಿಗೆ ಸೆಕೆಂಡ್ ಹ್ಯಾಂಡ್ ಕಾರು ಸಿಕ್ಕಿತ್ತು, ಇವನಿಗೆ ಎರಡು ಸೂಟ್‌ಕೇಸ್. ಅಂದಿನಿಂದ ಮುಖ ಊದಿಸಿಕೊಂಡಿದ್ದಾನೆ. ದೇವರ ಕೆಲಸಕ್ಕೆ ಹೋದವನಿಗೆ ಉಡುಗೊರೆಯ ಆಸೆ ಯಾಕೆ ಎಂಬುದು ನಿಮ್ಮ ಪ್ರಶ್ನೆ. ನಾನು ಬೆಂಗಳೂರಿನವನು, ಅದೇ ಸಭೆಯವನು, ದಕ್ಷಿಣ ಭಾರತದಲ್ಲೇ ಮಿಷನ್ ಮಾಡಿದವನು. ನನಗೂ ಒಂದು ಉಡುಗೊರೆ ಸಿಕ್ಕಿತ್ತು, ಅದನ್ನು ಆಮೇಲೆ ಹೇಳುತ್ತೇನೆ.

ಬಂದವರಿಗೆ ಏನಾದರೂ ಕೊಡಲೇಬೇಕೆಂಬ ನಿಯಮವಿಲ್ಲ. ನೀವಿರುವ ಕಡೆ ನಿಜವಾದ ಸಂಭ್ರಮವೆಲ್ಲ ಏರ್‌ಪೋರ್ಟಿನಲ್ಲೇ. ಅಜ್ಜಿಯಿಂದ ಹಿಡಿದು ಕೈಗೂಸಿನವರೆಗೆ ಎಲ್ಲರೂ ಬ್ಯಾನರ್ ಹಿಡಿದು ನಿಂತಿರುತ್ತಾರೆ. 2020ರಲ್ಲಿ ಹೊಸ ಟರ್ಮಿನಲ್ ಕಟ್ಟಿದಾಗ ಹೀಗೆ ಕಾಯುವವರಿಗೆಂದು ಒಂದು ದೊಡ್ಡ ಕೋಣೆಯನ್ನೇ ಮಾಡಿದರು. ಮುಂದಿನ ಭಾನುವಾರಗಳಲ್ಲಿ ಒಂದು ದಿನ ಸಭೆಯ ಎದುರು ಅವನು ಮಾತಾಡಬೇಕು. ಎಲ್ಲರೂ ಕೈ ಕುಲುಕುತ್ತಾರೆ, ಅಲ್ಲಿಗೆ ಮುಗಿಯಿತು.

ಆ ಎರಡು ವರ್ಷ ಹೇಗಿರುತ್ತದೆಂದು ಹೊರಗಿನವರಿಗೆ ಅಂದಾಜಿರುವುದಿಲ್ಲ. ಗಂಡುಮಕ್ಕಳಿಗೆ 24 ತಿಂಗಳು. ಸಂಬಳವಿಲ್ಲ, ಬದಲಿಗೆ ನಾವೇ ಕೊಡಬೇಕು: 2020ರ ಜುಲೈನಿಂದ ಅಮೆರಿಕದ ಹುಡುಗರಿಗೆ ತಿಂಗಳಿಗೆ 500 ಡಾಲರ್. ಲೆಕ್ಕ ಹಾಕಿ, 12,000 ಆಯಿತು. ಸ್ಕೂಲಿನ ರಜೆಗಳಲ್ಲಿ ದುಡಿದು ಕೂಡಿಟ್ಟ ದುಡ್ಡನ್ನು ಇದಕ್ಕೇ ಹಾಕಿದ ಹುಡುಗರಿದ್ದಾರೆ. ನಿಮ್ಮ ರೂಮ್‌ಮೇಟ್ ಅಂಥವನಾಗಿದ್ದರೆ ಕಾರಿನ ಆಸೆ ದುರಾಸೆಯಲ್ಲ, ಜೇಬು ಖಾಲಿ. ಇನ್ನು ಬದುಕು: ಯಾವಾಗಲೂ ಪಕ್ಕದಲ್ಲಿ ಜೊತೆಗಾರ, ಒಬ್ಬನೇ ಬೀದಿ ಕೊನೆಯ ಅಂಗಡಿಗೂ ಹೋಗುವಂತಿಲ್ಲ. ಪ್ರೇಮ ಗೀಮ ಇಲ್ಲ. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಬ್ಯಾಡ್ಜ್. ಸ್ವಂತ ಹೆಸರು ಮರೆತೇ ಹೋಗುತ್ತದೆ, ಎಲ್ಲರಿಗೂ ನೀವು 'ಎಲ್ಡರ್' (ಮಿಷನ್ ಮಾಡುವ ಹುಡುಗರನ್ನು ಕರೆಯುವುದೇ ಹಾಗೆ) ಇಂಥವರು. ಬಾಗಿಲು ಮುಚ್ಚಿಸಿಕೊಳ್ಳುವುದಂತೂ ದಿನದ ಊಟದಷ್ಟೇ ಮಾಮೂಲು.

ಊರಿಗೆ ಬಂದ ಮೇಲೆ ಸ್ಟೇಕ್ ಅಧ್ಯಕ್ಷರ, ಅಂದರೆ ಸುತ್ತಲಿನ ಹಲವು ಸಭೆಗಳ ಮುಖ್ಯಸ್ಥರ, ಹತ್ತಿರ ಹೋಗಬೇಕು. ಅವರು ಸೇವೆಯಿಂದ ಬಿಡುಗಡೆ ಮಾಡುತ್ತಾರೆ, ಬ್ಯಾಡ್ಜ್ ಕಳಚಿಡುತ್ತೀರಿ. ಅಷ್ಟು ಹೊತ್ತಿಗೆ ನೀವು ಮತ್ತೆ ಯಾರದೋ ಮಗ, ಕೆಲಸ ಹುಡುಕಬೇಕಾದ ಹುಡುಗ. ಉಡುಗೊರೆ ಬರುವುದು ಇಂಥ ಸಮಯದಲ್ಲಿ. ಬೆಲೆ ನೋಡುವುದು ಆಮೇಲೆ. ಮೊದಲು ಮನಸ್ಸು ಹುಡುಕುವುದು, ನಾನು ಏನು ಮಾಡಿ ಬಂದೆ ಅಂತ ಇವರಿಗೆ ಗೊತ್ತಾ ಅನ್ನುವುದನ್ನು. ಎರಡು ವರ್ಷ ಎರಡು ಸೂಟ್‌ಕೇಸಿನಲ್ಲೇ ಸಂಸಾರ ಮಾಡಿದವನಿಗೆ ಇನ್ನೆರಡು ಸೂಟ್‌ಕೇಸ್ ಕೊಟ್ಟರೆ ಅವನಿಗೆ ಕೇಳಿಸುವುದು ಒಂದೇ: ಸರಿ, ಇನ್ನು ಎಲ್ಲಿಗೆ ಹೊರಡುತ್ತೀಯಪ್ಪಾ? ಕೊಟ್ಟವರು ಕಾಲೇಜ್ ಹಾಸ್ಟೆಲಿಗೆ ಬೇಕಾಗುತ್ತದೆ ಅಂತಲೇ ಕೊಟ್ಟಿರಬಹುದು.

ನನಗೆ ಸಿಕ್ಕಿದ್ದು ಬ್ಯಾಂಕ್ ಕ್ಲರ್ಕ್ ಪರೀಕ್ಷೆಯ ಗೈಡ್. ನಮ್ಮ ಮನೆಯಲ್ಲಿ ಸಭೆಗೆ ಸೇರಿದ್ದು ಅಮ್ಮ ಮತ್ತು ನಾನು, ಅಪ್ಪ ಸೇರಿರಲಿಲ್ಲ. ಆಗಿನ್ನೂ ಮಿಷನ್‌ನಿಂದ ಮನೆಗೆ ಫೋನ್ ಮಾಡಲು ವರ್ಷಕ್ಕೆ ಎರಡೇ ಅವಕಾಶ, ಕ್ರಿಸ್‌ಮಸ್ ಮತ್ತು ಅಮ್ಮಂದಿರ ದಿನ. ವಾರ ವಾರ ಫೋನ್ ಮಾಡಲು ಬಿಟ್ಟಿದ್ದು 2019ರ ಫೆಬ್ರವರಿಯಿಂದ. ವಾರಕ್ಕೊಮ್ಮೆ ನಾನು ಕಳಿಸುತ್ತಿದ್ದ ಈಮೇಲನ್ನು ಅಪ್ಪ ತೆರೆದವರೇ ಅಲ್ಲ. ಅವರ ಲೆಕ್ಕದಲ್ಲಿ ಅದು ಡಿಗ್ರಿ ಮುಗಿದ ಮೇಲಿನ ಎರಡು ವರ್ಷದ ಗ್ಯಾಪ್, ಅಷ್ಟೇ. ನಾನು ಬಂದ ರಾತ್ರಿ ಊಟ ಆದ ಮೇಲೆ ಗೈಡನ್ನು ಟೇಬಲ್ ಮೇಲಿಟ್ಟು, "ಫಾರಂ ತುಂಬೋಕೆ ಕೊನೇ ದಿನ ಹತ್ತಿರ ಬಂತು" ಅಂದರು. ವಿಶಾಖಪಟ್ಟಣ ಹೇಗಿತ್ತು, ತೆಲುಗು ಬಂತಾ, ಒಂದು ಮಾತಿಲ್ಲ. ಅದನ್ನು ಗಿಫ್ಟ್ ಪೇಪರಿನಲ್ಲಿ ಸುತ್ತಿದ್ದರು ಬೇರೆ! ನಾನು ಪರೀಕ್ಷೆ ಬರೆಯಲಿಲ್ಲ. ಪಕ್ಕದ ಮನೆ ಹುಡುಗಿ ಅದನ್ನೇ ಓದಿ ಕ್ಲರ್ಕ್ ಆದಳು, ಹಾಗಾಗಿ ಗೈಡ್ ಚೆನ್ನಾಗಿತ್ತು ಅಂತ ಒಪ್ಪಬೇಕು.

'ಸೇವೆ ಮಾಡಿದವನು ಏನನ್ನೂ ಬಯಸಬಾರದು' ಅಂತ ನೀವು ಅವನಿಗೆ ಹೇಳಲು ಹೋಗಬೇಡಿ. ಆ ಮಾತನ್ನು ಅವನು ಚಿಕ್ಕಂದಿನಿಂದ ಸಾಕಷ್ಟು ಕೇಳಿರುತ್ತಾನೆ, ಬೇಸರಪಡುವುದೇ ಪಾಪ ಅಂತ ಒಳಗೊಳಗೇ ಕುದಿಯುತ್ತಲೂ ಇರಬಹುದು. ಅವನ ಜೊತೆಗಾರರ ಬಗ್ಗೆ ಕೇಳಿ, ಒಬ್ಬನಾದರೂ ತಲೆ ಚಿಟ್ಟು ಹಿಡಿಸಿದವನು ಇದ್ದೇ ಇರುತ್ತಾನೆ. ಪೋರ್ಚುಗೀಸ್ ಮಾತಾಡಿಸಿ. ನಿಮ್ಮ ಊರಲ್ಲಿ ಬ್ರೆಜಿಲ್ ಹೋಟೆಲುಗಳಿವೆ, ಅಲ್ಲಿ ಮರಗೆಣಸಿನ ಹಿಟ್ಟಿನ ಚೀಸ್ ಬನ್ ಸಿಗುತ್ತದೆ. ನೀವು ಸಸ್ಯಾಹಾರಿಯಾದರೆ ಮೊಟ್ಟೆ ಹಾಕಿದ್ದಾರಾ ಅಂತ ಕೇಳಿಕೊಳ್ಳಿ. ಕಾರಿನ ವಿಷಯವನ್ನು ಮಾತ್ರ ಅವನು ಅವರಪ್ಪನ ಹತ್ತಿರವೇ ಕೇಳಲಿ, ನೀವು ಮಧ್ಯೆ ಹೋಗಬೇಡಿ.