ಮೊದಲು ಹಳೆಯ ಸ್ಟೀರಿಯೊದ ಬೆನ್ನು ನೋಡಿ

ಕಾರು ಕೊಂಡು ವರ್ಷಗಳಾದ ಮೇಲೆ ಅದಕ್ಕೆ ಕಂಪನಿಯದೇ ನ್ಯಾವಿಗೇಷನ್ ಸ್ಟೀರಿಯೊ ಮತ್ತು ಬ್ಲೂಟೂತ್ ಹಾಕಿಸುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಪತ್ರಗಳನ್ನು ಮೊಟಕುಗೊಳಿಸಿದ್ದೇನೆ. ಉತ್ತರಗಳನ್ನು ಮೊಟಕುಗೊಳಿಸಲು ಎಲ್ಲ ಕಡೆ ಆಗಲಿಲ್ಲ.

ಪ್ರಶ್ನೆ: ನನ್ನ ಕಾರಿನಲ್ಲಿರುವುದು ಸಾದಾ ರೇಡಿಯೊ. ಅದೇ ಮಾದರಿಯ ಮೇಲ್ದರ್ಜೆಯ ಕಾರಿನಲ್ಲಿ ಬರುತ್ತಿದ್ದ ಪರದೆಯುಳ್ಳ ನ್ಯಾವಿಗೇಷನ್ ಸ್ಟೀರಿಯೊ ಸೆಕೆಂಡ್ ಹ್ಯಾಂಡ್ ಸಿಗುತ್ತಿದೆ. ಅಳತೆ ಒಂದೇ, ಹಿಂದಿನ ಕಪ್ಲರ್ ಕೂಡ ಅದೇ, ಹಾಕಿದರೆ ಆಯಿತು ಎಂದು ಮಾರುವವರು ಹೇಳುತ್ತಾರೆ. ನಂಬಬಹುದೇ? ಬ್ಲೂಟೂತ್ ಅದರಲ್ಲೇ ಇರುತ್ತದೆಯೇ?

ಉತ್ತರ: ಅಳತೆಯ ಮಾತು ನಿಜವಿರಬಹುದು. 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರದ ಒಂದು ಡಿನ್, ಅದರ ಎರಡರಷ್ಟು ಎತ್ತರದ ಡಬಲ್ ಡಿನ್ ಎಂಬ ಅಳತೆಗಳು ದಶಕಗಳಿಂದ ನಡೆದುಬಂದಿವೆ. ಆದರೆ ಗೂಡಿನಲ್ಲಿ ಕೂರುವುದಕ್ಕೂ ಕಾರಿಗೆ ಹೊಂದುವುದಕ್ಕೂ ಬಹಳ ದೂರ. ಮೊದಲೇ ಇದ್ದಂತೆ ಕಾಣುವ ಸ್ಟೀರಿಯೊ ನಿಮಗೆ ಬೇಕೋ, ಮೊದಲೇ ಇದ್ದಂತೆ ನಡೆದುಕೊಳ್ಳುವುದು ಬೇಕೋ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಮೊದಲನೆಯದನ್ನು ಯಾರು ಬೇಕಾದರೂ ಕೂರಿಸಿಕೊಡುತ್ತಾರೆ. ಕಷ್ಟವೆಲ್ಲ ಎರಡನೆಯದರಲ್ಲಿ.

ಹಳೆಯ ರೇಡಿಯೊಗಳ ಲೆಕ್ಕಾಚಾರ ಸರಳವಾಗಿತ್ತು. ಬ್ಯಾಟರಿಯಿಂದ ಸದಾ 12 ವೋಲ್ಟ್ ತರುವ ಒಂದು ವೈರು, ಕೀಲಿ ತಿರುಗಿಸಿದಾಗ ಮಾತ್ರ 12 ವೋಲ್ಟ್ ತರುವ ಇನ್ನೊಂದು, ಜೊತೆಗೆ ಒಂದು ಅರ್ಥ್. ಎರಡನೆಯ ವೈರಿಗೆ ಕರೆಂಟ್ ಬಂದರೆ ರೇಡಿಯೊ ಏಳುತ್ತಿತ್ತು, ಹೋದರೆ ಮಲಗುತ್ತಿತ್ತು. ನೀವು ಕೊಳ್ಳಹೊರಟಿರುವಂಥ ಯೂನಿಟ್‌ಗಳಲ್ಲಿ ಆ ಎರಡನೆಯ ವೈರು ಸಾಮಾನ್ಯವಾಗಿ ಇರುವುದೇ ಇಲ್ಲ. ಕೀಲಿ ತಿರುಗಿತೇ, ಹೆಡ್‌ಲೈಟ್ ಹತ್ತಿತೇ, ಕಾರು ಎಷ್ಟು ವೇಗದಲ್ಲಿದೆ, ರಿವರ್ಸ್ ಗೇರ್ ಬಿದ್ದಿತೇ ಎಂಬುದೆಲ್ಲ ಅದಕ್ಕೆ ತಿಳಿಯುವುದು ಕ್ಯಾನ್ ಬಸ್ ಎಂಬ ಎರಡು ತೆಳ್ಳನೆಯ ಹೆಣೆದ ವೈರುಗಳ ಮೂಲಕ. ಬಾಷ್ ಕಂಪನಿ 1986ರಲ್ಲಿ ಹೊರಗೆ ತಂದ ಈ ಏರ್ಪಾಡು ಈಗ ಹೆಚ್ಚುಕಡಿಮೆ ಎಲ್ಲ ಕಾರುಗಳಲ್ಲೂ ಇದೆ. ನಿಮ್ಮ ಸಾದಾ ರೇಡಿಯೊದ ಕಪ್ಲರಿನವರೆಗೆ ಆ ವೈರುಗಳು ಬಂದಿವೆಯೇ ಎಂಬುದೇ ಮೊದಲ ಪ್ರಶ್ನೆ. ಕಪ್ಲರಿನ ಆಕಾರ ಒಂದೇ ಇದ್ದು ಒಳಗಿನ ಪಿನ್ನುಗಳು ಖಾಲಿ ಇರುವುದು ಬಹಳ ಸಾಮಾನ್ಯ.

ಆದ್ದರಿಂದ ಕೊಳ್ಳುವ ಮೊದಲು ಇರುವ ರೇಡಿಯೊವನ್ನು ಹೊರಗೆಳೆದು ಅದರ ಬೆನ್ನು ನೋಡಿ. ಬ್ಯಾಟರಿಯ ನೆಗೆಟಿವ್ ತೆಗೆಯುವ ಮುನ್ನ ಈಗಿನ ರೇಡಿಯೊಗೆ ಕರೆಂಟ್ ಹೋಗಿ ಬಂದಾಗ ಕೇಳುವ ಕಳ್ಳತನ ತಡೆಯ ಕೋಡ್ ಇದೆಯೇ, ಅದು ನಿಮ್ಮ ಬಳಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ನೋಡುವ ಕೆಲಸಕ್ಕೇ ಒಂದು ರೇಡಿಯೊ ಬಲಿಯಾದೀತು. ಚೌಕಟ್ಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ. ಸ್ಕ್ರೂ ಡ್ರೈವರ್ ಹಾಕಿದವರ ಡ್ಯಾಶ್‌ಬೋರ್ಡನ್ನು ನಾನು ದೂರದಿಂದಲೇ ಗುರುತು ಹಿಡಿಯುತ್ತೇನೆ. ಕಪ್ಲರನ್ನು ಬೆಳಕಿಗೆ ಹಿಡಿದು ಫೋಟೊ ತೆಗೆಯಿರಿ. ಎರಡೂ ಯೂನಿಟ್‌ಗಳ ಲೇಬಲ್‌ನಲ್ಲಿರುವ ಭಾಗಸಂಖ್ಯೆಯನ್ನು ಕೊನೆಯ ಅಕ್ಷರದ ಸಮೇತ ಬರೆದುಕೊಳ್ಳಿ. ಬ್ಲೂಟೂತ್ ಇದೆಯೋ ಇಲ್ಲವೋ ಎಂಬುದು ಎಷ್ಟೋ ಸಲ ಆ ಕೊನೆಯ ಅಕ್ಷರದಲ್ಲೇ ಇರುತ್ತದೆ.

ಬ್ಲೂಟೂತ್ ವಿಷಯದಲ್ಲಿ ಫೋನಿನ ಚಿತ್ರವಿರುವ ಗುಂಡಿಯನ್ನು ನೋಡಿ ಮರುಳಾಗಬೇಡಿ. ಒಂದು ಕಾಲದ ಕಂಪನಿ ಯೂನಿಟ್‌ಗಳಲ್ಲಿ ಗುಂಡಿ ಎಲ್ಲಕ್ಕೂ ಇರುತ್ತಿತ್ತು. ಬ್ಲೂಟೂತ್ ಮಾತ್ರ ಸೀಟಿನ ಕೆಳಗೋ ಡ್ಯಾಶ್‌ಬೋರ್ಡಿನ ಒಳಗೋ ಇರುವ ಬೇರೆ ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಇಲ್ಲದಿದ್ದರೆ ಗುಂಡಿ ಒತ್ತಿದಾಗ ಫೋನ್ ಲಭ್ಯವಿಲ್ಲ ಎಂಬ ಸೌಜನ್ಯದ ಸಾಲು ಮೂಡುತ್ತದೆ, ಅಷ್ಟೆ. ಪೆಟ್ಟಿಗೆ, ಅದರ ವೈರಿಂಗ್, ಮೈಕ್ ಈ ಮೂರನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಕಳ್ಳತನದ ಬೀಗ. ಹಳೆಯವುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಅಂಕಿಯ ಕೋಡ್. ಆಮೇಲೆ ಬಂದ ಕೆಲವು ಕಂಪನಿಗಳ ಯೂನಿಟ್‌ಗಳು ತಾವು ಹುಟ್ಟಿದ ಕಾರಿನ ಗುರುತನ್ನೇ ನೆನಪಿಟ್ಟುಕೊಂಡಿರುತ್ತವೆ. ಬೇರೆ ಕಾರಿಗೆ ಹಾಕಿದರೆ ಪರದೆ ಬೆಳಗಿದರೂ ಸದ್ದು ಹೊರಡದಿರಬಹುದು. ಆ ಬೀಗ ತೆಗೆಯಲು ಕಂಪನಿಯ ಸರ್ವರ್‌ಗೆ ಸಂಪರ್ಕವಿರುವ ಅಧಿಕೃತ ವರ್ಕ್‌ಶಾಪ್ ಬೇಕು, ಮತ್ತು ಕಳಚಿ ತಂದ ಯೂನಿಟ್‌ಗೆ ಅವರು ಆ ಕೆಲಸ ಮಾಡಿಕೊಡುತ್ತಾರೆಯೇ ಎಂದು ಹಣ ಕೊಡುವ ಮೊದಲೇ ಕೇಳಬೇಕು. ಯಾವ ಕಾರಿನಿಂದ ಬಂದದ್ದು ಎಂದು ಹೇಳಲು ಮಾರುವವರು ತಡವರಿಸಿದರೆ ನಾನಾದರೆ ಅಲ್ಲಿಗೇ ಮಾತು ಮುಗಿಸುತ್ತೇನೆ.

ಇಷ್ಟೆಲ್ಲ ಓದಿದ ಮೇಲೆ ನಿಮಗೆ ಬೇಕಾಗಿರುವುದು ಕರೆ ಮತ್ತು ಹಾಡು ಮಾತ್ರ ಎನಿಸಿದರೆ, ಇರುವ ರೇಡಿಯೊವನ್ನೇ ಇಟ್ಟುಕೊಂಡು ಅದರ ಸಿಡಿ ಚೇಂಜರ್ ಅಥವಾ ಆಕ್ಸ್ ಕಿಂಡಿಗೆ ಸೇರುವ ಬ್ಲೂಟೂತ್ ಘಟಕ ಹಾಕಿಸಿ. ನನ್ನನ್ನು ಕೇಳಿದವರಲ್ಲಿ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಒಪ್ಪುವವರು ಕಡಿಮೆ, ಪರದೆಯ ಮೋಹ ದೊಡ್ಡದು.

ಪ್ರಶ್ನೆ: ಹೊಸ ನ್ಯಾವಿಗೇಷನ್ ಹಾಕಿಸಿದ ಮೇಲೆ ಕಾರನ್ನು ಎರಡು ಮೂರು ದಿನ ನಿಲ್ಲಿಸಿದರೆ ಬ್ಯಾಟರಿ ಸತ್ತಿರುತ್ತದೆ. ಹೊಸ ಬ್ಯಾಟರಿ ಹಾಕಿದರೂ ಅದೇ ಕಥೆ. ಹಾಕಿಕೊಟ್ಟವರು ಯೂನಿಟ್‌ಗೆ ಒಂದು ಸ್ವಿಚ್ ಇಡೋಣ ಎನ್ನುತ್ತಿದ್ದಾರೆ.

ಉತ್ತರ: ಸ್ವಿಚ್ ಬೇಡ. ಬ್ಯಾಟರಿಯ ಮೇಲೂ ಅನುಮಾನ ಬೇಡ. ಯೂನಿಟ್ ಮಲಗುತ್ತಿಲ್ಲ, ಅಥವಾ ತಾನೂ ಮಲಗದೆ ಬೇರೆಯವರನ್ನೂ ಮಲಗಲು ಬಿಡುತ್ತಿಲ್ಲ. ಮನೆಯವರೆಲ್ಲ ದೀಪ ಆರಿಸಿದ ಮೇಲೂ ಒಬ್ಬರು ಗಟ್ಟಿಯಾಗಿ ಮಾತನಾಡುತ್ತಲೇ ಇದ್ದರೆ ಉಳಿದವರ ಕಣ್ಣು ಮುಚ್ಚೀತೇ? ಕ್ಯಾನ್ ಬಸ್‌ನ ಮೇಲೆ ಒಂದು ಘಟಕ ಸಂದೇಶ ಕಳಿಸುತ್ತಿದ್ದರೆ ಉಳಿದ ಘಟಕಗಳೂ ಎಚ್ಚರವಾಗಿರುತ್ತವೆ.

ಮೊದಲು ಅಳೆಯಿರಿ. ಮಲ್ಟಿಮೀಟರನ್ನು 10 ಆಂಪಿಯರ್ ಕಿಂಡಿಗೆ ಹಾಕಿ, ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಅದರಿಂದ ಬಿಡಿಸಿದ ಕೇಬಲ್ಲಿಗೂ ನಡುವೆ ಸೇರಿಸಬೇಕು. ಬಾನೆಟ್ ತೆರೆದೇ ಇರಬೇಕಾದ್ದರಿಂದ ಅದರ ಲಾಕ್ ಅನ್ನು ಸ್ಕ್ರೂ ಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಳ್ಳಿ, ಬಾಗಿಲುಗಳನ್ನು ಹಾಕಿ, ಕೀಲಿಯನ್ನು ಕಾರಿನಿಂದ ದೂರವಿಡಿ. ಆಮೇಲೆ ಅರ್ಧ ಗಂಟೆ ಕಾಯಿರಿ. ಘಟಕಗಳು ಒಂದೊಂದಾಗಿ ಮಲಗಲು ಸಮಯ ಬೇಕು. ಮೊದಲ ನಿಮಿಷದ ಅಂಕಿ ನೋಡಿ ತೀರ್ಪು ಕೊಡುವವರೇ ಹೆಚ್ಚು. ಮೀಟರ್ ನಡುವೆ ಇರುವಾಗ ಇಗ್ನಿಷನ್ ಹಾಕಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಎಲ್ಲವೂ ಮಲಗಿದ ಕಾರು ಸಾಮಾನ್ಯವಾಗಿ 50 ಮಿಲಿಆಂಪಿಯರ್‌ಗಿಂತ ಕಡಿಮೆ ಎಳೆಯಬೇಕು. ನಿಮ್ಮದು ಅರ್ಧ ಆಂಪಿಯರ್ ಎಳೆಯುತ್ತಿದೆ ಎನ್ನಿ. 60 ಆಂಪಿಯರ್-ಅವರ್ ಬ್ಯಾಟರಿ 120 ಗಂಟೆಯಲ್ಲಿ, ಅಂದರೆ ಐದು ದಿನದಲ್ಲಿ ಬರಿದು. ಸ್ಟಾರ್ಟರ್ ಅಷ್ಟು ದಿನ ಕಾಯುವುದಿಲ್ಲ, ಬ್ಯಾಟರಿ ಅರ್ಧ ಇಳಿಯುವಷ್ಟರಲ್ಲೇ ಸೋಲುತ್ತದೆ. ನಿಮ್ಮ ಎರಡು ಮೂರು ದಿನದ ಲೆಕ್ಕ ಇದಕ್ಕೆ ಸರಿಯಾಗಿ ಕೂಡುತ್ತದೆ.

ಈಗ ಸ್ಟೀರಿಯೊದ ಫ್ಯೂಸ್ ಕೀಳಿ. ಕರೆಂಟ್ ಕುಸಿದರೆ ಕಳ್ಳ ಸಿಕ್ಕಿದಂತೆ. ಇದಕ್ಕೆ ಹೆಸರುವಾಸಿಯಾದ ಉದಾಹರಣೆ ಫೋಕ್ಸ್‌ವ್ಯಾಗನ್ ಕಾರುಗಳ ಆರ್‌ಎನ್‌ಎಸ್ 510 ಎಂಬ ನ್ಯಾವಿಗೇಷನ್ ಸ್ಟೀರಿಯೊ. ಹಳೆಯ ಗೇಟ್‌ವೇ ಇರುವ ಕಾರಿಗೆ ಈ ಯೂನಿಟ್ ಹಾಕಿದವರಲ್ಲಿ ಬಹಳ ಮಂದಿ ಬ್ಯಾಟರಿ ಕಳೆದುಕೊಂಡರು. ಗೇಟ್‌ವೇ ಎಂದರೆ ಕಾರಿನ ಬೇರೆ ಬೇರೆ ಕ್ಯಾನ್ ಜಾಲಗಳ ನಡುವೆ ಸಂದೇಶ ದಾಟಿಸುವ ಸಣ್ಣ ಪೆಟ್ಟಿಗೆ. ಹಳೆಯದಕ್ಕೆ ಹೊಸ ಯೂನಿಟ್‌ನೊಂದಿಗೆ ಸರಿಯಾಗಿ ವ್ಯವಹರಿಸಲು ಬರುವುದಿಲ್ಲ. ಪರಿಹಾರ, ನಂತರದ ಆವೃತ್ತಿಯ ಗೇಟ್‌ವೇ ಹಾಕಿ, ಕಾರಿನಲ್ಲಿ ಈಗ ಯಾವ ಯಾವ ಘಟಕಗಳಿವೆ ಎಂಬ ಪಟ್ಟಿಯನ್ನು ಡಯಾಗ್ನೋಸ್ಟಿಕ್ ಉಪಕರಣದಿಂದ ಅದಕ್ಕೆ ಬರೆಸುವುದು. ನಿಮ್ಮ ಕಾರು ಬೇರೆ ಕಂಪನಿಯದಾದರೂ ಹುಡುಕಬೇಕಾದ ದಿಕ್ಕು ಇದೇ. ಸ್ವಿಚ್ ಇಟ್ಟರೆ ಸದಾ ಇರಬೇಕಾದ ಕರೆಂಟ್ ಪ್ರತಿಸಲವೂ ಕಡಿದು, ಯೂನಿಟ್ ದಿನಾಲೂ ಮೊದಲಿನಿಂದ ಏಳಬೇಕಾಗುತ್ತದೆ. ಕೋಡ್ ಕೇಳಿದರೂ ಕೇಳೀತು.

ಪ್ರಶ್ನೆ: ಹಳೆಯ ಕಂಪನಿ ನ್ಯಾವಿಗೇಷನ್ ಹಾಕಿಸಿದ್ದೇನೆ. ಕಾರು ಇರುವ ಜಾಗ ಸರಿಯಾಗಿ ತೋರಿಸುತ್ತದೆ, ಆದರೆ ತಾರೀಖು ಸುಮಾರು ಇಪ್ಪತ್ತು ವರ್ಷ ಹಿಂದಿನದು. ಕೆಟ್ಟ ಯೂನಿಟ್ ಕೊಟ್ಟರೇ?

ಉತ್ತರ: ಇಲ್ಲ, ಪಾಪ, ಅವರ ತಪ್ಪಲ್ಲ. ಜಿಪಿಎಸ್ ಉಪಗ್ರಹಗಳ ಹಳೆಯ ಮಾದರಿಯ ಸಂದೇಶದಲ್ಲಿ ವಾರದ ಸಂಖ್ಯೆಗೆ ಹತ್ತು ಬಿಟ್ ಮಾತ್ರ ಜಾಗ. 1980ರ ಜನವರಿ 6ರಿಂದ ಎಣಿಕೆ ಶುರು. 1024 ವಾರ ತುಂಬಿದೊಡನೆ ಮತ್ತೆ ಸೊನ್ನೆ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹೀಗಾಯಿತು. ಯಾವ ಸುತ್ತಿನಲ್ಲಿದ್ದೇವೆ ಎಂದು ಯೂನಿಟ್‌ನ ತಂತ್ರಾಂಶವೇ ಊಹಿಸಬೇಕು. ಹಳೆಯ ತಂತ್ರಾಂಶ ಹಿಂದಿನ ಸುತ್ತನ್ನೇ ಹಿಡಿದು ಕೂತರೆ ತಾರೀಖು 19 ವರ್ಷ ಏಳೂವರೆ ತಿಂಗಳು ಹಿಂದೆ ಹೋಗುತ್ತದೆ. ಊಹೆಯ ಗಡಿಯನ್ನು ತಯಾರಕರು ತಮತಮಗೆ ತೋಚಿದಂತೆ ಇಟ್ಟಿರುವುದರಿಂದ ಎಲ್ಲ ಯೂನಿಟ್‌ಗಳೂ ಒಂದೇ ದಿನ ಎಡವುವುದಿಲ್ಲ. 2022ರ ಜನವರಿಯಲ್ಲಿ ಹೋಂಡಾ ಕಂಪನಿಯ ಕೆಲವು ಹಳೆಯ ಕಾರುಗಳ ಗಡಿಯಾರ 2002ಕ್ಕೆ ಓಡಿಹೋಗಿದ್ದು ನಿಮಗೆ ನೆನಪಿರಬಹುದು.

ಜಾಗದ ಲೆಕ್ಕಕ್ಕೆ ವಾರದ ಸಂಖ್ಯೆಯ ಈ ಗೊಂದಲ ಸಾಮಾನ್ಯವಾಗಿ ತಟ್ಟುವುದಿಲ್ಲ. ತಯಾರಕರ ಹೊಸ ತಂತ್ರಾಂಶ ಸಿಕ್ಕರೆ ಹಾಕಿಸಿ, ಸಿಗದಿದ್ದರೆ ಗಡಿಯಾರವನ್ನು ಕೈಯಿಂದ ಹೊಂದಿಸಲು ಬರುತ್ತದೆಯೇ ನೋಡಿ. ತಾರೀಖಿಗಿಂತ ನಾನು ಹೆಚ್ಚು ಚಿಂತಿಸುವುದು ಒಳಗಿರುವ ನಕಾಶೆಯ ವಯಸ್ಸಿನ ಬಗ್ಗೆ. ಯೂನಿಟ್ ಕೊಳ್ಳುವ ಮೊದಲು ಅದಕ್ಕೆ ಈಗಲೂ ಹೊಸ ನಕಾಶೆ ಬರುತ್ತಿದೆಯೇ ಎಂದು ಕೇಳುವವರು ವಿರಳ.

ಪ್ರಶ್ನೆ: ಫೋನಿನಲ್ಲೇ ನಕಾಶೆ ಇರುವಾಗ ಇದೆಲ್ಲ ಯಾಕೆ?

ಉತ್ತರ: ಒಳ್ಳೆಯ ಪ್ರಶ್ನೆ. ನಕಾಶೆಯ ತಾಜಾತನದಲ್ಲಿ ಫೋನಿಗೆ ಸಾಟಿಯಿಲ್ಲ. ಆದರೆ ಕಂಪನಿ ಯೂನಿಟ್‌ಗೆ ಚಕ್ರ ಎಷ್ಟು ತಿರುಗಿತು ಎಂಬ ಸಂಕೇತ ಸಿಗುತ್ತದೆ, ಒಳಗೆ ತಿರುವನ್ನು ಗುರುತಿಸುವ ಜೈರೊ ಇರುತ್ತದೆ. ಸುರಂಗದೊಳಗೆ, ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಉಪಗ್ರಹ ಕಾಣದಿದ್ದಾಗಲೂ ಅದು ಲೆಕ್ಕ ಹಾಕಿಕೊಂಡು ಮುಂದೆ ಹೋಗುತ್ತದೆ. ಈ ಎರಡರ ಬೆಲೆ ನಿಮ್ಮ ಓಡಾಟದಲ್ಲಿ ಎಷ್ಟು ಎಂದು ನೀವೇ ನಿರ್ಧರಿಸಿ.

ಪ್ರಶ್ನೆ: ಬ್ಲೂಟೂತ್‌ನಲ್ಲಿ ಕರೆ ಚೆನ್ನಾಗಿ ಬರುತ್ತದೆ, ಹಾಡು ಬರುವುದಿಲ್ಲ. ಆ ಕಡೆಯವರು ನನ್ನ ಧ್ವನಿ ಬಾವಿಯೊಳಗಿಂದ ಬಂದಂತಿದೆ ಎನ್ನುತ್ತಾರೆ.

ಉತ್ತರ: ಇವು ಎರಡು ಬೇರೆ ತೊಂದರೆಗಳು. ಬ್ಲೂಟೂತ್ ಇದ್ದಮಾತ್ರಕ್ಕೆ ಎಲ್ಲವೂ ಬರುವುದಿಲ್ಲ. ಕರೆಗೆ ಎಚ್‌ಎಫ್‌ಪಿ, ಹಾಡಿಗೆ ಎ2ಡಿಪಿ, ಗುಂಡಿಯಿಂದ ಹಾಡು ಬದಲಿಸಲು ಎವಿಆರ್‌ಸಿಪಿ, ಫೋನಿನಲ್ಲಿರುವ ಹೆಸರುಗಳನ್ನು ಪರದೆಗೆ ತರಲು ಪಿಬಿಎಪಿ ಎಂದು ಬೇರೆ ಬೇರೆ ಪ್ರೊಫೈಲ್‌ಗಳಿವೆ. ಮೊದಮೊದಲ ಕಂಪನಿ ಬ್ಲೂಟೂತ್ ಪೆಟ್ಟಿಗೆಗಳಲ್ಲಿ ಹಲವಕ್ಕೆ ಎ2ಡಿಪಿ ಇರಲೇ ಇಲ್ಲ. ಸೆಟ್ಟಿಂಗ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ. ಅದೇ ಕಂಪನಿಯ ನಂತರದ ಪೆಟ್ಟಿಗೆ ಬೇಕು. ಕಪ್ಲರ್ ಒಂದೇ ಇದ್ದರೂ ಹಾಡಿನ ಎಡ ಬಲ ಸದ್ದನ್ನು ಸ್ಟೀರಿಯೊಗೆ ಒಯ್ಯುವ ವೈರುಗಳನ್ನು ಹೆಚ್ಚುವರಿಯಾಗಿ ಸೇರಿಸಬೇಕಾದೀತು.

ಧ್ವನಿಯ ದೂರು ಮೈಕ್‌ನದು. ಅದನ್ನು ಎಸಿ ಗಾಳಿ ಬೀಸುವ ಕಿಂಡಿಯ ಪಕ್ಕ ಅಥವಾ ಸ್ಟೀರಿಂಗ್ ಕೆಳಗೆ ಅಂಟಿಸಿರುತ್ತಾರೆ. ಕಂಪನಿಯವರು ಅದನ್ನು ಛಾವಣಿಯ ದೀಪದ ಬಳಿ ಇಡುವುದು ಅಂದಕ್ಕಲ್ಲ. ಬಾಯಿಗೆ ಹತ್ತಿರ, ಗಾಳಿಗೆ ದೂರ, ಸ್ಪೀಕರಿಗೆ ಬೆನ್ನು. ಅಲ್ಲಿಗೆ ವೈರು ಹೋಗುವುದು ಮುಂಗಾಜಿನ ಪಕ್ಕದ ಕಂಬದೊಳಗಿಂದ. ಇಲ್ಲಿ ಮಾತ್ರ ತಮಾಷೆ ಬೇಡ. ಬಹಳ ಕಾರುಗಳಲ್ಲಿ ಆ ಕಂಬದೊಳಗೆ ಪರದೆಯಂತೆ ಇಳಿಯುವ ಏರ್‌ಬ್ಯಾಗ್ ಮಡಚಿ ಇಟ್ಟಿರುತ್ತದೆ. ವೈರು ಅದರ ಹಿಂದಿನಿಂದ, ಮೊದಲೇ ಇರುವ ವೈರಿಂಗ್ ಜೊತೆ ಕಟ್ಟಿಕೊಂಡು ಹೋಗಬೇಕು. ಏರ್‌ಬ್ಯಾಗ್‌ನ ಮೇಲೆ ಅಡ್ಡ ಹಾಯಬಾರದು, ಅದಕ್ಕೆ ಕಟ್ಟಲೂಬಾರದು. ಹಳದಿ ಬಣ್ಣದ ಕಪ್ಲರ್ ಕಂಡರೆ ಕೈ ಹಿಂದೆಗೆಯಿರಿ.

ಪ್ರಶ್ನೆ: ಯೂನಿಟ್ ಬದಲಾಯಿಸಿದ ಮೇಲೆ ಎಫ್‌ಎಂ ಕೇಂದ್ರಗಳು ಕ್ಷೀಣ. ನ್ಯಾವಿಗೇಷನ್‌ಗೆ ಉಪಗ್ರಹವೂ ಸಿಗುತ್ತಿಲ್ಲ.

ಉತ್ತರ: ಬಹಳ ಕಾರುಗಳಲ್ಲಿ ಎಫ್‌ಎಂ ಆಂಟೆನಾದ ಬುಡದಲ್ಲಿ ಸಣ್ಣ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಆಂಟೆನಾ ಕೇಬಲ್ಲಿನಲ್ಲೇ ಅಥವಾ ಬೇರೆ ವೈರಿನಲ್ಲಿ 12 ವೋಲ್ಟ್ ಹೋಗಬೇಕು. ನಡುವೆ ಹಾಕಿದ ಅಡಾಪ್ಟರ್‌ನಲ್ಲಿ ಆ ಕರೆಂಟ್ ತಪ್ಪಿಹೋಗಿರುತ್ತದೆ. ಉಪಗ್ರಹಕ್ಕೆ ಬೇರೆಯೇ ಆಂಟೆನಾ ಬೇಕು, ಫಾಕ್ರಾ ಎಂಬ, ಬಣ್ಣದಿಂದ ಗುರುತಿಸುವ ಆಂಟೆನಾ ಕಪ್ಲರ್‌ಗಳಿರುವ ಯೂನಿಟ್ ಆದರೆ ನೀಲಿ ಬಣ್ಣದ ಕಿಂಡಿಗೆ. ಅದನ್ನು ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಅಡಿಯಲ್ಲಿ ಅಡಗಿಸಬಹುದು, ಲೋಹದ ಅಡಿಯಲ್ಲಿ ಅಲ್ಲ. ಮುಂಗಾಜಿಗೆ ಬಿಸಿಲು ತಡೆಯುವ ಲೋಹದ ಲೇಪನವಿದ್ದರೆ ಅಲ್ಲೂ ಸಂಕೇತ ಸೊರಗುತ್ತದೆ.

ಪ್ರಶ್ನೆ: ಕಾರು ಚಲಿಸುವಾಗಲೂ ಪರದೆಯಲ್ಲಿ ವಿಡಿಯೊ ಬರುವಂತೆ ಮಾಡಬಹುದಂತೆ. ಹೇಗೆ?

ಉತ್ತರ: ಮಾಡಬಹುದು. ನಾನು ಹೇಳಿಕೊಡುವುದಿಲ್ಲ. ಮಾಡಿಕೊಡುತ್ತೇವೆ ಎನ್ನುವವರು ಸಾಮಾನ್ಯವಾಗಿ ಯೂನಿಟ್‌ಗೆ ಹೋಗುವ ವೇಗದ ಸಂಕೇತವನ್ನು ಸುಳ್ಳು ಮಾಡುತ್ತಾರೆ. ಆಗ ಕಾರು ನಿಂತೇ ಇದೆ ಎಂದು ನ್ಯಾವಿಗೇಷನ್ ಕೂಡ ನಂಬುತ್ತದೆ, ಮತ್ತು ಎರಡು ವಾರದ ನಂತರ ಸುರಂಗದಲ್ಲಿ ಬಾಣದ ಗುರುತು ಮುಂದೆ ಹೋಗುತ್ತಿಲ್ಲ ಎಂದು ನೀವು ನನಗೇ ಇನ್ನೊಂದು ಪತ್ರ ಬರೆಯುತ್ತೀರಿ.