ಮಗ ಅಂಗಿ ತೆಗೆಯಲು ಯಾಕೆ ಒಪ್ಪಲಿಲ್ಲ?

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ 13 ವರ್ಷ ತುಂಬಿದೆ. ಎಂಟನೇ ಕ್ಲಾಸ್. ಬೇಸಿಗೆ ರಜೆಯಲ್ಲಿ ಮನೆಯವರೆಲ್ಲ ಧರ್ಮಸ್ಥಳಕ್ಕೆ ಹೋಗಿದ್ದೆವು. ಅಲ್ಲಿ ಗಂಡಸರು ಅಂಗಿ, ಬನಿಯನ್ ತೆಗೆದು ಒಳಗೆ ಹೋಗಬೇಕು ಅಲ್ವಾ. ಇವನು ತೆಗೆಯುವುದೇ ಇಲ್ಲ ಎಂದು ಹಟ ಹಿಡಿದ. ಇವನಪ್ಪ ಸಾಲಿನಲ್ಲೇ ಎಲ್ಲರೆದುರು ಬೈದರು. ಇವನು ಸಾಲು ಬಿಟ್ಟು ಹೊರಗೆ ಹೋಗಿ ಕೂತುಬಿಟ್ಟ. ದರ್ಶನವನ್ನೇ ಮಾಡಲಿಲ್ಲ. ಊರಿಗೆ ಬಂದ ಮೇಲೂ ಸರಿಹೋಗಿಲ್ಲ. ಕೆರೆಗೆ ಈಜಲು ಹೋಗುತ್ತಿದ್ದವನು ನಿಲ್ಲಿಸಿದ್ದಾನೆ. ಸೆಕೆಯಲ್ಲೂ ಎರಡೆರಡು ಬನಿಯನ್ ಹಾಕುತ್ತಾನೆ. ಮಾತಿಗೆ ಮುಂಚೆ ಸಿಟ್ಟು, ಆಮೇಲೆ ಅಳು. ಮೊನ್ನೆ ತಬ್ಬಿಕೊಂಡಾಗ 'ಆ' ಎಂದು ಹಿಂದೆ ಸರಿದ. ತುಂಬಾ ಕೇಳಿದ ಮೇಲೆ ಎದೆಯಲ್ಲಿ ಗಂಟಿದೆ ಎಂದ. 'ಅಮ್ಮಾ, ಇದು ಕ್ಯಾನ್ಸರಾ? ಅಪ್ಪನಿಗೆ ಹೇಳಬೇಡ' ಎಂದ. ನನಗೆ ಕೈಕಾಲೇ ಆಡುತ್ತಿಲ್ಲ.
– ಒಬ್ಬ ತಾಯಿ, ಕಡೂರು

ಉತ್ತರ: ಮೊದಲು ನಿಮ್ಮ ಮಗನ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಇಷ್ಟನ್ನು ಇವತ್ತೇ ಅವನಿಗೆ ಓದಿ ಹೇಳಿ. ಅವನ ವಯಸ್ಸಿನಲ್ಲಿ ಮೊಲೆತೊಟ್ಟಿನ ಹಿಂದೆ ಬರುವ, ಮುಟ್ಟಿದರೆ ನೋಯುವ ಗಂಟು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಅವನು ಹುಡುಗಿಯಾಗುತ್ತಿದ್ದಾನೆ ಎಂದೂ ಅಲ್ಲ. ಬಾಯಿಬಿಟ್ಟು ಹೇಳದಿದ್ದರೂ ಆ ಭಯವೂ ಅವನಿಗೆ ಇದ್ದೇ ಇರುತ್ತದೆ. ಹುಡುಗ ಗಂಡಸಾಗುವ ದಾರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗರಿಗೆ ಈ ಗಂಟು ಬಂದು ಹೋಗುತ್ತದೆ. ಅವನ ಕ್ಲಾಸಿನ ಹುಡುಗರಲ್ಲಿ ಎಷ್ಟೋ ಜನರಿಗೆ ಬಂದಿರುತ್ತದೆ, ಇಲ್ಲವೇ ಬರಲಿದೆ. ಅವರೂ ಇವನ ಹಾಗೇ ಬಚ್ಚಿಡುತ್ತಾರೆ, ಅದಕ್ಕೇ ಒಬ್ಬರದು ಒಬ್ಬರಿಗೆ ಗೊತ್ತಾಗುವುದಿಲ್ಲ.

ನನಗೂ ಬಂದಿತ್ತು. ಹದಿನಾಲ್ಕನೇ ವಯಸ್ಸಿನಲ್ಲಿ, ಎಡಗಡೆ ಮಾತ್ರ. ಅಮ್ಮನ ಹಳೆ ಸೀರೆ ಹರಿದು ಎದೆಗೆ ಬಿಗಿಯಾಗಿ ಸುತ್ತಿಕೊಂಡು ಶಾಲೆಗೆ ಹೋಗುತ್ತಿದ್ದೆ. ಉಸಿರಾಡಲು ಕಷ್ಟವಾಗುತ್ತಿತ್ತು. ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಅದು ತಾನಾಗಿ ಹೋಯಿತು, ಹೋದದ್ದನ್ನೂ ಯಾರಿಗೂ ಹೇಳಲಿಲ್ಲ. ಮುಂದೆ ಮೆಡಿಕಲ್ ಓದುವಾಗ ಪುಸ್ತಕದಲ್ಲಿ ಅದರ ಬಗ್ಗೆ ನಾಲ್ಕೇ ಸಾಲು ಕಂಡೆ. ಆ ನಾಲ್ಕು ಸಾಲನ್ನು ಯಾರಾದರೂ ನನಗೆ ಆಗಲೇ ಹೇಳಿದ್ದರೆ ಎಂದು ಅವತ್ತು ಲೈಬ್ರರಿಯಲ್ಲಿ ಕೂತು ಯೋಚಿಸಿದ್ದು ಇನ್ನೂ ನೆನಪಿದೆ. ನಿಮ್ಮ ಮಗ ಸಾಲು ಬಿಟ್ಟು ಹೋಗಿದ್ದು ದೇವರ ಮೇಲಿನ ಅಸಡ್ಡೆಯಿಂದ ಅಲ್ಲ, ಅಪ್ಪನ ಮೇಲಿನ ಹಟದಿಂದಲೂ ಅಲ್ಲ. ಅಷ್ಟು ಜನರೆದುರು ಎದೆ ತೋರಿಸುವ ಭಯದಿಂದ. ಇದನ್ನು ನಿಮ್ಮ ಯಜಮಾನರಿಗೆ ಹೇಳಿ.

ಗಂಟು ಯಾಕೆ ಬರುತ್ತದೆ? ಈ ವಯಸ್ಸಿನಲ್ಲಿ ಮೆದುಳಿನಿಂದ ವೃಷಣಗಳಿಗೆ ಕೆಲಸ ಶುರುಮಾಡಿ ಎಂಬ ಸಂದೇಶ ಹೋಗುತ್ತದೆ. ಮೊದಮೊದಲು ಈ ಸಂದೇಶ ಜಾಸ್ತಿ ಹೋಗುವುದು ರಾತ್ರಿ, ನಿದ್ದೆಯಲ್ಲಿ. ವೃಷಣಗಳು ಟೆಸ್ಟೋಸ್ಟೆರಾನ್ ತಯಾರಿಸಲು ತೊಡಗುತ್ತವೆ. ಅದರಲ್ಲಿ ಸ್ವಲ್ಪ ಪಾಲು ದೇಹದಲ್ಲೇ ಈಸ್ಟ್ರೋಜೆನ್ ಆಗಿ ಬದಲಾಗುತ್ತದೆ. ಈಸ್ಟ್ರೋಜೆನ್ ಹೆಂಗಸರ ಹಾರ್ಮೋನು ಎಂದು ಓದಿರುತ್ತೀರಿ. ಆದರೆ ಅದು ಎಲ್ಲ ಗಂಡಸರಲ್ಲೂ ಸ್ವಲ್ಪ ಇರುತ್ತದೆ, ಮೂಳೆ ಗಟ್ಟಿಯಾಗಲು ಬೇಕು ಕೂಡ. ಶುರುವಿನಲ್ಲಿ ಈ ಎರಡರ ಲೆಕ್ಕ ಸ್ವಲ್ಪ ಏರುಪೇರಾಗುತ್ತದೆ. ಆಗ ತೊಟ್ಟಿನ ಹಿಂದಿನ ಭಾಗ ಊದಿಕೊಳ್ಳುತ್ತದೆ. ಕೆಲವೊಮ್ಮೆ ಒಂದೇ ಕಡೆ, ಕೆಲವೊಮ್ಮೆ ಎರಡೂ ಕಡೆ. ಟೆಸ್ಟೋಸ್ಟೆರಾನ್ ಏರಿದ ಮೇಲೆ ಇಳಿಯುತ್ತದೆ. ಸಾಮಾನ್ಯವಾಗಿ 6 ತಿಂಗಳಿಂದ 2 ವರ್ಷ ಹಿಡಿಯುತ್ತದೆ.

ಮಾತ್ರೆ, ಮುಲಾಮು, ಎಣ್ಣೆ ತಿಕ್ಕುವುದು ಏನೂ ಬೇಡ. ಹೋಯಿತಾ ಎಂದು ದಿನಾ ಒತ್ತಿ ನೋಡುವುದೂ ಬೇಡ, ಅದರಿಂದ ನೋವೇ ಜಾಸ್ತಿ. ನನ್ನ ಹಾಗೆ ಬಟ್ಟೆ ಬಿಗಿಯುವುದು ಬೇಡವೇ ಬೇಡ. ಸಡಿಲವಾದ, ಸ್ವಲ್ಪ ಗಾಢ ಬಣ್ಣದ ಅಂಗಿ ಹಾಕಲಿ. ಒಮ್ಮೆ ಡಾಕ್ಟರಿಗೆ ತೋರಿಸಿ, ಅವರ ಬಾಯಿಂದ ಕೇಳಿದರೆ ಅವನಿಗೆ ಧೈರ್ಯ ಬರುತ್ತದೆ. ತೊಟ್ಟಿನಿಂದ ನೀರೋ ರಕ್ತವೋ ಬಂದರೆ, ಗಂಟು ಕಲ್ಲಿನಷ್ಟು ಗಟ್ಟಿಯಾಗಿದ್ದರೆ, ಬೇಗಬೇಗ ದೊಡ್ಡದಾಗುತ್ತಿದ್ದರೆ, ಅಥವಾ 2 ವರ್ಷ ಕಳೆದರೂ ಹೋಗದಿದ್ದರೆ ತೋರಿಸಲೇಬೇಕು.

ನನ್ನ ಟೇಬಲ್ಲಿನ ಡ್ರಾಯರಿನಲ್ಲಿ ಒಂದು ಮಣಿಸರ ಇದೆ. ಸಣ್ಣದರಿಂದ ದೊಡ್ಡದರವರೆಗೆ 12 ಮಣಿ, ಒಂದೊಂದರ ಮೇಲೂ ನಂಬರ್. 1 ಮಿಲಿಲೀಟರಿನಿಂದ 25ರವರೆಗೆ. ಸ್ವಿಟ್ಜರ್ಲೆಂಡಿನ ಪ್ರಾಡರ್ ಎಂಬ ಡಾಕ್ಟರು ಮಾಡಿದ್ದು. ವೃಷಣದ ಗಾತ್ರ ಹೋಲಿಸಿ ನೋಡಲು ಇದು ಬೇಕು. 4ರ ಮಣಿಯಷ್ಟಾದರೆ ಹುಡುಗನ ದೇಹದಲ್ಲಿ ಬದಲಾವಣೆ ಶುರುವಾಯಿತು ಎಂದರ್ಥ. ಮೀಸೆ, ದನಿ ಎಲ್ಲ ಆಮೇಲಿನ ಮಾತು. ಮೊದಲ ಗುರುತು ಯಾರ ಕಣ್ಣಿಗೂ ಬೀಳುವುದಿಲ್ಲ, ಅದಕ್ಕೇ ಅಪ್ಪ ಅಮ್ಮಂದಿರಿಗೆ 'ಇದ್ದಕ್ಕಿದ್ದಂತೆ ಹೀಗಾದ' ಅನ್ನಿಸುವುದು. 9ರಿಂದ 14 ವರ್ಷದೊಳಗೆ ಯಾವಾಗ ಶುರುವಾದರೂ ಸರಿ. 9ಕ್ಕಿಂತ ಮುಂಚೆ ಶುರುವಾದರೆ, 14 ತುಂಬಿದರೂ ಏನೂ ಕಾಣದಿದ್ದರೆ ಡಾಕ್ಟರನ್ನು ನೋಡಿ.

ಎತ್ತರ ಬೆಳೆಯುವಾಗ ಮೊದಲು ಬೆಳೆಯುವುದು ಪಾದ ಮತ್ತು ಕೈ. ಶಾಲೆ ಶುರುವಾದಾಗ ಕೊಂಡ ಶೂ ದೀಪಾವಳಿಗೆ ಬಿಗಿಯಾಗುತ್ತದೆ. ಆಮೇಲೆ ಕಾಲು ಉದ್ದವಾಗುತ್ತದೆ, ಕೊನೆಗೆ ಮೈ. ಅಳತೆ ಹೀಗೆ ಬದಲಾಗುವಾಗ ಲೋಟ ಬೀಳಿಸುತ್ತಾನೆ, ಬಾಗಿಲಿಗೆ ಭುಜ ಬಡಿದುಕೊಳ್ಳುತ್ತಾನೆ. ಬೈಯಬೇಡಿ. 14ರ ಆಸುಪಾಸಿನಲ್ಲಿ ಒಂದೇ ವರ್ಷಕ್ಕೆ 9 ಸೆಂಟಿಮೀಟರಿಗೂ ಜಾಸ್ತಿ ಬೆಳೆಯುವ ಹುಡುಗರಿದ್ದಾರೆ. ಹುಡುಗಿಯರಲ್ಲಿ ಇದು ಸುಮಾರು 2 ವರ್ಷ ಮೊದಲೇ ಆಗುತ್ತದೆ. ಹಾಗಾಗಿ ಅಕ್ಕನ ಜೊತೆ, ಪಕ್ಕದ ಮನೆ ಹುಡುಗಿಯ ಜೊತೆ ಹೋಲಿಸಬೇಡಿ. ಮೊಡವೆ, ಬೆವರಿನ ವಾಸನೆ ಇದರ ಜೊತೆಗೇ ಬರುತ್ತವೆ. ದಿನಾ ಸ್ನಾನ, ಒಗೆದ ಬಟ್ಟೆ ಸಾಕು.

ಇನ್ನು ಸಿಟ್ಟು, ಅಳು. ಭಯ, ಅವಮಾನ, ಸಂತೋಷವನ್ನು ಜೋರಾಗಿ ಅನುಭವಿಸುವ ಮೆದುಳಿನ ಭಾಗ ಈ ವಯಸ್ಸಿಗೆ ಚುರುಕಾಗಿರುತ್ತದೆ. 'ತಡಿ, ಯೋಚಿಸು' ಎನ್ನುವ ಹಣೆಯ ಹಿಂದಿನ ಭಾಗ ಪೂರ್ತಿ ಬೆಳೆಯಲು ಇಪ್ಪತ್ತೈದರ ಹತ್ತಿರ ಬರಬೇಕು. ನಿದ್ದೆಯ ಗಡಿಯಾರವೂ ಹಿಂದೆ ಸರಿಯುತ್ತದೆ. ಹತ್ತು ಗಂಟೆಗೆ ಮಲಗಿದರೂ ಬೇಗ ನಿದ್ದೆ ಹತ್ತುವುದಿಲ್ಲ, ಬೆಳಿಗ್ಗೆ ಏಳಲು ಆಗುವುದಿಲ್ಲ. ಅವನಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಮೊಬೈಲು ರಾತ್ರಿ ನಿಮ್ಮ ಕೋಣೆಯಲ್ಲಿರಲಿ, ನಿಮ್ಮದೂ ಸೇರಿ. ಆದರೆ ಒಂದೆರಡು ವಾರ ಕಳೆದರೂ ಊಟ, ಗೆಳೆಯರು, ಆಟ ಎಲ್ಲವನ್ನೂ ಬಿಟ್ಟು ಕೂತಿದ್ದರೆ, ಸಾಯುವ ಮಾತಾಡಿದರೆ, 'ವಯಸ್ಸು' ಎಂದು ಸುಮ್ನೆ ಬಿಡಬೇಡಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ದುಡ್ಡಿಲ್ಲದೆ ಮಾತಾಡುತ್ತಾರೆ, ಕನ್ನಡದಲ್ಲೇ.

ಹುಡುಗಿ ಮೈನೆರೆದರೆ ನಮ್ಮ ಮನೆಗಳಲ್ಲಿ ಚಿಗಳಿ ಕುಟ್ಟುತ್ತಾರೆ, ಕೊಬ್ಬರಿ ಬೆಲ್ಲ ಕೊಡುತ್ತಾರೆ, ಆರತಿ ಮಾಡುತ್ತಾರೆ. ಆ ಆಚರಣೆಯಲ್ಲಿ ನನಗೆ ಒಪ್ಪದ್ದೂ ಇದೆ. ಆದರೂ ಅಜ್ಜಿಯೋ ಚಿಕ್ಕಮ್ಮನೋ ಪಕ್ಕದಲ್ಲಿ ಕೂತು ನಾಲ್ಕು ಮಾತು ಹೇಳುತ್ತಾರೆ. ಹುಡುಗನ ಪಕ್ಕ ಯಾರು ಕೂರುತ್ತಾರೆ ಹೇಳಿ? ಅವನಿಗೆ ಪಾಠ ಹೇಳುವುದು ಬಸ್ ಸ್ಟ್ಯಾಂಡ್ ಹಿಂದಿನ ಗೋಡೆಯ 'ಗುಪ್ತರೋಗ' ಜಾಹೀರಾತು. ಅದಕ್ಕೇ ಈ ಕೆಲಸ ಅವನ ಅಪ್ಪ ಮಾಡಬೇಕು. ಎದುರು ಕೂರಿಸಿಕೊಂಡರೆ ಇಬ್ಬರಿಗೂ ಮಾತು ಹೊರಡುವುದಿಲ್ಲ. ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ಹೋಗುವಾಗ, ತೋಟದಲ್ಲಿ ಜೊತೆಗೆ ಕೆಲಸ ಮಾಡುವಾಗ ಹೇಳಲಿ. ಮೊದಲು, ಅವತ್ತು ಎಲ್ಲರೆದುರು ಬೈದಿದ್ದು ತಪ್ಪು ಎಂದು ಹೇಳಲಿ. ಆಮೇಲೆ ಎರಡು ವಿಷಯ.

ಒಂದು, ನಿದ್ದೆಯಲ್ಲಿ ವೀರ್ಯ ಹೋಗುವುದು ಕಾಯಿಲೆಯಲ್ಲ. ದೇಹ ಬೆಳೆಯುತ್ತಿರುವುದರ ಗುರುತು. ಅದರಿಂದ ಶಕ್ತಿ ಕಡಿಮೆಯಾಗುವುದಿಲ್ಲ, ಓದು ಹಾಳಾಗುವುದಿಲ್ಲ. 'ಧಾತು ಹೋಗುತ್ತಿದೆ' ಎಂಬ ಹೆದರಿಕೆಯೇ ನಮ್ಮ ಹುಡುಗರನ್ನು ಸೊರಗಿಸುತ್ತದೆ ಎಂದು ಮನೋವೈದ್ಯ ಎನ್. ಎನ್. ವಿಗ್ 1960ರಲ್ಲೇ ಗುರುತಿಸಿ, ಅದಕ್ಕೊಂದು ಹೆಸರನ್ನೂ ಕೊಟ್ಟಿದ್ದರು. ಇವತ್ತಿಗೂ ಅದೇ ಹೆದರಿಕೆ ಹೊತ್ತು ನನ್ನ ಹತ್ತಿರ ಬರುತ್ತಾರೆ, ಸಾವಿರಾರು ರೂಪಾಯಿ ಕಳೆದುಕೊಂಡ ಮೇಲೆ.

ಎರಡನೆಯದು ಜೀವನಪೂರ್ತಿಯ ವಿಷಯ. ವೃಷಣದಲ್ಲಿ ಇದ್ದಕ್ಕಿದ್ದಂತೆ ಜೋರು ನೋವು ಬಂದರೆ, ಜೊತೆಗೆ ವಾಂತಿಯಾಗಲಿ ಆಗದಿರಲಿ, ನಡುರಾತ್ರಿಯಾದರೂ ಎಬ್ಬಿಸಬೇಕು. ಒಳಗಿನ ನಾಳ ತಿರುಚಿಕೊಂಡು ರಕ್ತ ನಿಂತಿರಬಹುದು. ನೋವು ಶುರುವಾಗಿ 6 ಗಂಟೆಯೊಳಗೆ ಆಪರೇಷನ್ ಆದರೆ ಹೆಚ್ಚಾಗಿ ಉಳಿಸಬಹುದು. ನಾನು ನೋಡಿದ ಒಬ್ಬ ಹುಡುಗ ಅಕ್ಕನ ಮದುವೆ ಮನೆಯಲ್ಲಿ ನಾಚಿಕೆಯಿಂದ ಒಂದೂವರೆ ದಿನ ಹೊಟ್ಟೆನೋವು ಎಂದು ಹೇಳಿಕೊಂಡಿದ್ದ. ಒಂದು ವೃಷಣ ತೆಗೆಯಬೇಕಾಯಿತು. 'ಯಾರಿಗೆ ಹೇಳಬೇಕು ಗೊತ್ತಾಗಲಿಲ್ಲ ಸಾರ್' ಎಂದ.

ಧರ್ಮಸ್ಥಳಕ್ಕೆ ಇನ್ನೊಂದು ವರ್ಷ ಬಿಟ್ಟು ಹೋಗಿ. ಕೆರೆಗೆ ಅವನೇ ಹೋಗುತ್ತಾನೆ, ಬಲವಂತ ಬೇಡ.

ಪ್ರಶ್ನೆ: ಸಾರ್, ನಾನು ಒಂಬತ್ತನೇ ಕ್ಲಾಸ್. ಆರು ವರ್ಷದಿಂದ ಸಂಗೀತ ಕಲಿಯುತ್ತಿದ್ದೇನೆ. ಈಗ ದನಿ ಒಡೆದಿದೆ. ಮೇಲಿನ ಷಡ್ಜಕ್ಕೆ ಹೋದರೆ ಕೀರಲಾಗುತ್ತದೆ, ಎಲ್ಲರೂ ನಗುತ್ತಾರೆ. ಪಾಠ ಬಿಡಲಾ?
– ಒಬ್ಬ ವಿದ್ಯಾರ್ಥಿ, ಮೈಸೂರು

ಉತ್ತರ: ಬಿಡಬೇಡ ಮಗೂ. ನಿನ್ನ ಗಂಟಲಿನ ಪೆಟ್ಟಿಗೆ ದೊಡ್ಡದಾಗುತ್ತಿದೆ, ಒಳಗಿನ ತಂತುಗಳು ಉದ್ದವೂ ದಪ್ಪವೂ ಆಗುತ್ತಿವೆ. ವೀಣೆಯ ಮಂದ್ರದ ತಂತಿ ದಪ್ಪ ಇರುತ್ತದಲ್ಲ, ಹಾಗೆ. ದನಿ ಹತ್ತಿರ ಹತ್ತಿರ ಒಂದು ಸ್ಥಾಯಿ ಕೆಳಗೆ ಇಳಿದು ನಿಲ್ಲುತ್ತದೆ. ಅಲ್ಲಿಯವರೆಗೆ ಕೆಲವು ತಿಂಗಳು, ಕೆಲವರಿಗೆ ಒಂದು ವರ್ಷಕ್ಕಿಂತ ಜಾಸ್ತಿ, ಹೀಗೆ ಜಾರುತ್ತದೆ. ಶ್ರುತಿ ಇಳಿಸಿಕೋ. ಸುಲಭವಾಗಿ ಬರುವಷ್ಟೇ ಹಾಡು, ಮೇಲಕ್ಕೆ ಎಳೆಯಬೇಡ, ಆಟದ ಬಯಲಲ್ಲಿ ಕಿರುಚಬೇಡ. ತಾಳ, ಸಾಹಿತ್ಯ, ಕೇಳ್ಮೆಗೆ ದನಿ ಬೇಕಿಲ್ಲ, ಅವನ್ನು ಈಗ ಗಟ್ಟಿ ಮಾಡಿಕೋ. ಈ ಪುಟವನ್ನು ನಿಮ್ಮ ಸಂಗೀತದ ಮೇಷ್ಟರಿಗೆ ತೋರಿಸು. ಯಾವ ಶ್ರುತಿಗೆ ಇಳಿಸಬೇಕು ಎಂದು ಅವರೇ ಹೇಳುತ್ತಾರೆ.