ಮಾಡ್ಯೂಲ್ ಪಾಸಾಗಿದೆ, ನಿಮ್ಮ ಪೆಟ್ಟಿಗೆ ಪಾಸಾಗಿಲ್ಲ

ಪ್ರಶ್ನೆ: ವೈಫೈ ಓಡುವ 2.4 ಗಿಗಾಹರ್ಟ್ಸ್‌ಗೆ ಲೈಸೆನ್ಸೇ ಬೇಡವಲ್ಲ, ಮತ್ತೆ ಟೆಸ್ಟ್ ಯಾಕೆ?

ಲೈಸೆನ್ಸ್ ಬೇಡದಿರುವುದು ಬಳಸುವವರಿಗೆ. ತಯಾರಿಸುವವರಿಗೆ ಅಂಥ ರಿಯಾಯಿತಿ ಯಾರೂ ಕೊಟ್ಟಿಲ್ಲ.

ಪ್ರಶ್ನೆ: ಎಫ್‌ಸಿಸಿ (ಅಮೆರಿಕದ ರೇಡಿಯೋ ನಿಯಂತ್ರಣ ಸಂಸ್ಥೆ) ಐಡಿ ಇರುವ ವೈಫೈ ಮಾಡ್ಯೂಲ್ ಹಾಕಿ ಗೇಟ್‌ವೇ (ಸಾಧನಗಳನ್ನು ಇಂಟರ್ನೆಟ್ಟಿಗೆ ಜೋಡಿಸುವ ಪೆಟ್ಟಿಗೆ) ಮಾಡಿದ್ದೇವೆ, ಅಮೆರಿಕಕ್ಕೆ ಕಳಿಸಬೇಕು. ಲ್ಯಾಬಿನಲ್ಲಿ 11ನೇ ಚಾನೆಲ್ 2483.5 ಮೆಗಾಹರ್ಟ್ಸ್‌ನಲ್ಲಿ ಫೇಲ್ ಆಯಿತು. ಮಾಡ್ಯೂಲ್ ಕಂಪನಿಯ ರಿಪೋರ್ಟಿನಲ್ಲಿ ಅದೇ ಜಾಗ ಪಾಸ್. ಲ್ಯಾಬಿನವರ ತಪ್ಪಲ್ಲವೇ? (ಬೆಂಗಳೂರು)

ಅಲ್ಲ. ಈ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಬೈಸಿಕೊಳ್ಳುವುದು ಲ್ಯಾಬು. ಆಂಟೆನಾ ಯಾವುದು ಹಾಕಿದ್ದೀರಿ ಎಂದು ನೀವು ಬರೆದೇ ಇಲ್ಲ. ಮಾಡ್ಯೂಲಿಗೆ ಒಪ್ಪಿಗೆ ಸಿಕ್ಕಿರುವುದು ಅದರ ದಾಖಲೆಯಲ್ಲಿರುವ ಆಂಟೆನಾ ಜೊತೆಗೆ ಮಾತ್ರ: ಅದೇ ಬಗೆ, ಅಷ್ಟೇ ಅಥವಾ ಅದಕ್ಕಿಂತ ಕಡಿಮೆ ಗೇನ್ (ಸಿಗ್ನಲನ್ನು ಒಂದು ದಿಕ್ಕಿಗೆ ಒಟ್ಟುಗೂಡಿಸುವ ಶಕ್ತಿ, ಡಿಬಿಐನಲ್ಲಿ ಹೇಳುವುದು). 2 ಡಿಬಿಐ ಆಂಟೆನಾದಲ್ಲಿ ಪಾಸಾದದ್ದಕ್ಕೆ 5 ಡಿಬಿಐ ಸಿಕ್ಕಿಸಿದರೆ ಬೇಕಾದ ಸಿಗ್ನಲ್ ಜೊತೆ ಬೇಡದ್ದೂ 3 ಡಿಬಿ ಮೇಲೇಳುತ್ತದೆ. ಹೆಚ್ಚಿನ ಗೇನ್ ಬೇಕೇ ಬೇಕು ಎನ್ನುವುದಾದರೆ ಮಾಡ್ಯೂಲ್ ಕಂಪನಿಯ ಒಪ್ಪಿಗೆಯೊಂದಿಗೆ ಕ್ಲಾಸ್ 2 ಪರ್ಮಿಸಿವ್ ಚೇಂಜ್, ಅಂದರೆ ಇರುವ ಒಪ್ಪಿಗೆಗೆ ತಿದ್ದುಪಡಿ, ಮಾಡಿಸಬೇಕು.

ಎಲ್ಲರೂ 2483.5ರಲ್ಲೇ ಯಾಕೆ ಎಡವುತ್ತಾರೆ? ಕೆಳ ಅಂಚಿನಲ್ಲಿ ಬ್ಯಾಂಡ್ 2400ಕ್ಕೆ ಶುರು, ನಿರ್ಬಂಧಿತ ಪಟ್ಟಿ (ಬೇಡದ ಸಿಗ್ನಲ್ಲಿಗೆ ಬಿಗಿ ಮಿತಿಯಿರುವ ತರಂಗಪಟ್ಟಿ) 2390ಕ್ಕೇ ಮುಗಿದಿರುತ್ತದೆ. ನಡುವೆ 10 ಮೆಗಾಹರ್ಟ್ಸ್ ಬಿಡುವಿದೆ, ಅಲ್ಲಿ ಮೂಲ ಸಿಗ್ನಲ್ಲಿಗಿಂತ 20 ಡಿಬಿ ಕೆಳಗಿದ್ದರೆ ಸಾಮಾನ್ಯವಾಗಿ ಸಾಕು. ಮೇಲಿನ ಅಂಚಿನಲ್ಲಿ ಆ ದಯೆ ಇಲ್ಲ. ಬ್ಯಾಂಡ್ ಮುಗಿಯುವ 2483.5ರಲ್ಲೇ ನಿರ್ಬಂಧಿತ ಪಟ್ಟಿ ಶುರುವಾಗಿ 2500ರವರೆಗೆ ಹೋಗುತ್ತದೆ. ಅಲ್ಲಿನ ಮಿತಿ 3 ಮೀಟರ್ ದೂರದಲ್ಲಿ ಸರಾಸರಿ 54, ಪೀಕ್ 74 ಡಿಬಿ ಮೈಕ್ರೋವೋಲ್ಟ್ ಪ್ರತಿ ಮೀಟರಿಗೆ. 11ನೇ ಚಾನೆಲ್ಲಿನ ನಡುಬಿಂದು 2462, ಅದರ ಮೇಲಂಚು 2472. ಉಳಿದ 11.5 ಮೆಗಾಹರ್ಟ್ಸ್‌ನೊಳಗೆ ಸಿಗ್ನಲಿನ ಸೆರಗು ಕೆಳಗಿಳಿಯಬೇಕು. ಪವರ್ ಆಂಪ್ಲಿಫೈಯರನ್ನು ಹಿಂಡಿದಷ್ಟೂ ಆ ಸೆರಗು ಅಗಲವಾಗುತ್ತದೆ.

ಇದಕ್ಕಾಗಿಯೇ ಮಾಡ್ಯೂಲ್ ಕಂಪನಿಗಳು 1 ಮತ್ತು 11ನೇ ಚಾನೆಲ್ಲಿಗೆ ಪವರ್ ಇಳಿಸಿ ಟೆಸ್ಟ್ ಮಾಡಿಸಿರುವುದು ಸಾಮಾನ್ಯ. ನಿಮ್ಮ ಫರ್ಮ್‌ವೇರ್ ಎಲ್ಲ ಚಾನೆಲ್ಲಿಗೂ ಒಂದೇ ಗರಿಷ್ಠ ಪವರ್ ಬರೆದಿದ್ದರೆ ಆ ರಿಪೋರ್ಟ್ ನಿಮ್ಮ ಪೆಟ್ಟಿಗೆಯದಲ್ಲ. ಎಫ್‌ಸಿಸಿ ಜಾಲತಾಣದಲ್ಲಿ ಐಡಿ ಹಾಕಿ ಮೂಲ ರಿಪೋರ್ಟ್ ತೆಗೆಯಿರಿ, ಚಾನೆಲ್‌ವಾರು ಪವರ್ ಸೆಟ್ಟಿಂಗ್ ಇದ್ದರೆ ನಿಮ್ಮ ಟೇಬಲ್ಲಿಗೆ ಹೋಲಿಸಿ. 11ನೇ ಚಾನೆಲ್ಲನ್ನು 1 ಡಿಬಿ ಇಳಿಸಿದರೆ, ಆಂಪ್ಲಿಫೈಯರ್ ಬಿಗಿಯಾಗಿ ಓಡುತ್ತಿರುವ ಕಡೆ, ಸೆರಗು 3 ಡಿಬಿಯಷ್ಟು ಇಳಿಯಬಹುದು. ಆಮೇಲೆ ಮಾಡ್ಯೂಲಿನ 3.3 ವೋಲ್ಟ್ ಪಿನ್ನಿಗೆ ಆಸಿಲೋಸ್ಕೋಪ್ ಇಡಿ. ಪ್ರತಿ ಬರ್ಸ್ಟ್‌ಗೂ ವೋಲ್ಟೇಜ್ ಕುಸಿಯುತ್ತಿದ್ದರೆ ರೆಗ್ಯುಲೇಟರ್ ಸಾಲದು, ಇಲ್ಲವೇ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಪಿನ್ನಿನಿಂದ ದೂರ ಕೂತಿದೆ.

ಲ್ಯಾಬಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಸುರಿಯುವ ಮುಂಚೆ ಮೇಜಿನ ಮೇಲೇ ನೋಡಿ. ಆಂಟೆನಾ ಜಾಗಕ್ಕೆ ಎಸ್‌ಎಂಎ ಕೇಬಲ್ ಬೆಸೆದು, 20 ಡಿಬಿ ಅಟೆನ್ಯುಯೇಟರ್ ಮೂಲಕ ಸ್ಪೆಕ್ಟ್ರಮ್ ಅನಲೈಸರಿಗೆ ಕೊಡಿ. ಕೇಬಲ್ ಮತ್ತು ಅಟೆನ್ಯುಯೇಟರ್ ನಷ್ಟವನ್ನು ಆಫ್‌ಸೆಟ್‌ನಲ್ಲಿ ತುಂಬಿ. 3 ಮೀಟರಿನ 54 ಎಂದರೆ ಮೈನಸ್ 41.2 ಡಿಬಿಎಂ ಇಐಆರ್‌ಪಿ (ಆಂಟೆನಾ ಗೇನ್ ಸೇರಿಸಿ ಹೊರಸೂಸುವ ಪವರ್). ಅಳೆದದ್ದಕ್ಕೆ ಆಂಟೆನಾ ಗೇನ್ ಕೂಡಿಸಿದ ಮೇಲೂ ಸರಾಸರಿ ಇದಕ್ಕಿಂತ ಕೆಳಗಿರಬೇಕು. 3 ಡಿಬಿ ಕೈಯಲ್ಲಿ ಉಳಿಯದಿದ್ದರೆ ಲ್ಯಾಬಿಗೆ ಹೊರಡಬೇಡಿ. ಅಂಚಿನಲ್ಲಿ ಅನಲೈಸರಿನ ರೆಸಲ್ಯೂಷನ್ (ಅಳೆಯುವ ಫಿಲ್ಟರಿನ ಅಗಲ) 1 ಮೆಗಾಹರ್ಟ್ಸ್ ಇಟ್ಟರೆ ಬ್ಯಾಂಡಿನೊಳಗಿನ ಸಿಗ್ನಲ್ಲೂ ಫಿಲ್ಟರಿನೊಳಗೆ ನುಸುಳುತ್ತದೆ. 100 ಕಿಲೋಹರ್ಟ್ಸ್‌ನಲ್ಲಿ ಅಳೆದು 2483.5ರಿಂದ 2484.5ರವರೆಗೆ ಕೂಡಿಸಿ. ಅಳೆಯುವ ಕ್ರಮದ ಅಮೆರಿಕನ್ ಮಾನದಂಡವಾದ ಆನ್ಸಿ ಸಿ63.10, ಅಂಚಿನ 2 ಮೆಗಾಹರ್ಟ್ಸ್ ಒಳಗೆ ಈ ವಿಧಾನವನ್ನು ಒಪ್ಪುತ್ತದೆ, ಲ್ಯಾಬಿನಲ್ಲೂ ಕೇಳಿ ಮಾಡಿಸಿ. ಡ್ಯೂಟಿ ಸೈಕಲ್ (ರೇಡಿಯೋ ನಿಜವಾಗಿ ಟ್ರಾನ್ಸ್‌ಮಿಟ್ ಮಾಡುವ ಸಮಯದ ಪಾಲು) ಶೇ. 98ಕ್ಕಿಂತ ಕಡಿಮೆ ಇದ್ದರೆ ಆರ್‌ಎಂಎಸ್ ಸರಾಸರಿಗೆ ತಿದ್ದುಪಡಿ ಸೇರಿಸಲೇಬೇಕು: ಶೇ. 50 ಆದರೆ 3 ಡಿಬಿ. ಇದನ್ನು ಮರೆತು ಪಾಸಾದೆವು ಎಂದು ಸಿಹಿ ಹಂಚುವವರಿದ್ದಾರೆ.

ಅಂಚು ಸರಿಹೋದರೂ ಕೆಲಸ ಮುಗಿಯಲಿಲ್ಲ. ರೇಡಿಯೋ ಓಡುತ್ತಿರುವಾಗಲೇ ಇಡೀ ಪೆಟ್ಟಿಗೆಯ ವಿಕಿರಣ ಅಳೆಯಬೇಕು, ಹತ್ತನೇ ಹಾರ್ಮೋನಿಕ್ (ಮೂಲ ಆವರ್ತನದ ಹತ್ತುಪಟ್ಟು) ತನಕ, ಅಂದರೆ ಸುಮಾರು 25 ಗಿಗಾಹರ್ಟ್ಸ್‌ವರೆಗೆ. ಎರಡನೇ ಹಾರ್ಮೋನಿಕ್ ಬೀಳುವುದೂ 4.5ರಿಂದ 5.15ರ ನಿರ್ಬಂಧಿತ ಪಟ್ಟಿಯೊಳಗೇ. ಗ್ರಾಹಕರಿಗೆ ಕೊಡುವ ಅಡಾಪ್ಟರನ್ನೇ ಒಯ್ಯಿರಿ, 150 ಕಿಲೋಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗಿನ ಮೇನ್ಸ್ ಟೆಸ್ಟಿನಲ್ಲಿ ಅಗ್ಗದ ಅಡಾಪ್ಟರುಗಳೇ ಬೀಳಿಸುವುದು. ಚಾನೆಲ್, ಡೇಟಾ ರೇಟ್, ಪವರ್ ಹಿಡಿದಿಟ್ಟು ನಿರಂತರ ಟ್ರಾನ್ಸ್‌ಮಿಟ್ ಮಾಡುವ ಟೆಸ್ಟ್ ಫರ್ಮ್‌ವೇರ್ ಇಲ್ಲದೆ ಹೋದರೆ ಚೇಂಬರಿನ ಬಾಡಿಗೆ ಕಟ್ಟಿ ಟೀ ಕುಡಿದು ಬರುತ್ತೀರಿ, ಅಷ್ಟೇ.

ಪ್ರಶ್ನೆ: ಕಾಫಿ ತೋಟಕ್ಕೆ 915 ಮೆಗಾಹರ್ಟ್ಸ್ ಲೋರಾ (ದೂರಕ್ಕೆ ಅಲ್ಪ ಡೇಟಾ ಕಳಿಸುವ ರೇಡಿಯೋ) ತರಿಸಿದ್ದೇನೆ, ಹಾಕಬಹುದೇ? (ಚಿಕ್ಕಮಗಳೂರು)

ಬೇಡ. ಅದು ಅಮೆರಿಕದ 902–928ರ ಬ್ಯಾಂಡು, ನಮ್ಮಲ್ಲಿ ಆ ಪಟ್ಟಿಯೊಳಗೆ ಮೊಬೈಲ್ ಫೋನುಗಳ ಅಪ್‌ಲಿಂಕ್ (ಫೋನಿನಿಂದ ಟವರಿಗೆ ಹೋಗುವ ಸಿಗ್ನಲ್) ಕೂತಿದೆ. ಭಾರತದಲ್ಲಿ ಲೋರಾಕ್ಕೆ 865ರಿಂದ ಶುರುವಾಗುವ ಬ್ಯಾಂಡು. ವಾಪಸ್ ಕಳಿಸಿ.

ಪ್ರಶ್ನೆ: ಯುರೋಪಿನ ಸಿಇ ರಿಪೋರ್ಟ್ ಕೊಟ್ಟರೆ ಎಫ್‌ಸಿಸಿ ಆಗುತ್ತದಂತೆ?

ಆಗದು. ಮಿತಿಯೂ ಬೇರೆ, ಅಳೆಯುವ ಕ್ರಮವೂ ಬೇರೆ.

ಪ್ರಶ್ನೆ: ಸ್ಯಾಂಪಲ್ ಬೇಡ, ಫೋಟೋ ಸಾಕು, 3 ದಿನದಲ್ಲಿ ಸರ್ಟಿಫಿಕೇಟ್ ಎಂದು ಏಜೆಂಟ್ ಹೇಳುತ್ತಿದ್ದಾರೆ. ನಂಬಬಹುದೇ?

ಫೋಟೋ ನೋಡಿ ಫೀಲ್ಡ್ ಸ್ಟ್ರೆಂತ್ ಹೇಳುವವರು ಜಾತಕವನ್ನೂ ಹೇಳಿಯಾರು. ಲ್ಯಾಬಿನ ಮಾನ್ಯತಾ ಪತ್ರ ಕೇಳಿ, ಅದರ ವ್ಯಾಪ್ತಿಯಲ್ಲಿ ಸಿ63.10 ಇದೆಯೇ ನೋಡಿ. ಕೊಡಲು ತಡಕಾಡಿದರೆ ಫೋನ್ ಇಡಿ.

ಪ್ರಶ್ನೆ: ಒಳಗೆಲ್ಲ ತಾಮ್ರದ ಟೇಪ್ ಸುತ್ತಿದರೆ 2483.5 ಸರಿಹೋಗುತ್ತದೆಯೇ?

ಆ ಸಿಗ್ನಲ್ ಹೊರಡುವುದು ಆಂಟೆನಾದಿಂದ. ಆಂಟೆನಾಕ್ಕೂ ಟೇಪ್ ಸುತ್ತುತ್ತೀರಾ?